ಗಣಿಯ ರಾಡಿ ತಂಗುವ ಕೊಳ

ಮೃಗಶಿರಾ ಮಳೆ ಹಿಡಿದ ಮೊದಲ ವಾರದಲ್ಲಿ ಈ ಸೀಮೆಯ ಮೂರು ಹಳ್ಳಗಳ ನೀರನ್ನು ಮೂರು ಗಾಜಿನ ಲೋಟಗಳಲ್ಲಿ ಹಿಡಿದಿಟ್ಟರೆ, ಯಾವುದು ಯಾವ ಊರಿನದೆಂದು ಬಣ್ಣದಿಂದಲೇ ಹೇಳಬಹುದು. ಜಹೀರಾಬಾದಿನ ಜಂಬಿಟ್ಟಿಗೆಯ ನೆಲದಿಂದ ಇಳಿದ ನೀರು ಇಟ್ಟಿಗೆಯ ಕೆಂಪು. ನಾರಾಯಣಖೇಡದ ಎರೆಹೊಲಗಳನ್ನು ತೊಳೆದು ಬಂದದ್ದು ಗಾಢ ಕಂದು. ತಾಂಡೂರಿನ ಕಲ್ಲುಗಣಿಗಳ ಮಗ್ಗುಲಲ್ಲಿ ಹರಿದದ್ದು ಬೂದಿ ಕಲಸಿದ ಮಜ್ಜಿಗೆಯಂತೆ ಬಿಳಿಚಿಕೊಂಡಿರುತ್ತದೆ. ಮೊದಲ ಎರಡು ಬಣ್ಣಗಳು ಬಹುಮಟ್ಟಿಗೆ ನೆಲದ ಸ್ವಭಾವದಿಂದ ಬಂದವು. ಮೂರನೆಯದರಲ್ಲಿ ಮನುಷ್ಯನ ಕೈವಾಡ ಹೆಚ್ಚು. ಕಲ್ಲನ್ನು ಎಬ್ಬಿಸುವಾಗ, ಕೊಯ್ಯುವಾಗ, ನುಣುಪು ಮಾಡುವಾಗ ಉಳಿದ ಪುಡಿಯೇ ಆ ಬಿಳುಪು.

ಈ ಮೂರೂ ನೀರುಗಳು ರಾಜ್ಯದ ಗಡಿಯನ್ನು ಅರಿಯವು. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಆ ದಿನ ಆಡಳಿತ ಬದಲಾಯಿತು, ಇಳಿಜಾರು ಬದಲಾಗಲಿಲ್ಲ. ಜಹೀರಾಬಾದ್ ಸೀಮೆಯ ಕೋಹೀರಿನ ಕಡೆ ಹುಟ್ಟುವ ಹೊಳೆ ಇಂದಿಗೂ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯವನ್ನು ತುಂಬುತ್ತದೆ. ಬೀದರನ್ನು ದಾಟಿ ನಾರಾಯಣಖೇಡದ ಸೀಮೆಗೆ ಬರುವ ಮಂಜೀರಾ ಸಿಂಗೂರು ಜಲಾಶಯದಲ್ಲಿ ನಿಂತು ಹೈದರಾಬಾದಿನ ನಲ್ಲಿಗಳಿಗೆ ಹೋಗುತ್ತದೆ. ತಾಂಡೂರಿನವರು ಕಾಗ್ನಾ ಎನ್ನುವ ನದಿ ಗಡಿ ದಾಟಿದೊಡನೆ ಕಾಗಿಣಾ ಆಗಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬದಿಯಲ್ಲಿ ಹಾದು ಭೀಮೆಯನ್ನು ಸೇರುತ್ತದೆ. ಆದುದರಿಂದ ತಾಂಡೂರಿನ ಗಣಿಯೊಂದರಲ್ಲಿ ನಿಲ್ಲಿಸದೆ ಬಿಟ್ಟ ರಾಡಿ ಸೇಡಂ ಮತ್ತು ಮಳಖೇಡಗಳ ಕಡೆಯ ಹೂಳಾಗುತ್ತದೆ.

ರಾಡಿಯನ್ನು ಗಣಿಯ ಗಡಿಯೊಳಗೇ ತಡೆದು ತಂಗಿಸುವ ಉಪಾಯ ಹಳೆಯದು, ಸರಳವಾದುದು. ಮಳೆನೀರು ಹಳ್ಳಕ್ಕೆ ಇಳಿಯುವ ಮೊದಲು ಒಂದು ಕೊಳದಲ್ಲಿ ನಿಧಾನಿಸಿ, ಮಣ್ಣು ತಳಕ್ಕೆ ಕೂತು, ತಿಳಿನೀರು ಮಾತ್ರ ಹೊರಹೋಗುವಂತೆ ಮಾಡುವುದು. ಇದನ್ನು ಹೂಳುಕೊಳ ಎನ್ನಬಹುದು. ಗಣಿಯವರ ಬಾಯಲ್ಲಿ ಇದು ಸೆಟ್ಲಿಂಗ್ ಪಾಂಡ್. ಉಪಾಯ ಸರಳವಾದರೂ ಕೊಳದ ಅಳತೆ ಅಷ್ಟು ಸರಳವಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಆಳವಾದ ಗುಂಡಿ ತೋಡಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಬಹಳ ಕಡೆ ಇದೆ. ಆ ನಂಬಿಕೆ ತಪ್ಪು. ಹೂಳುಕೊಳದ ಗುಣ ಅದರ ಆಳದಲ್ಲಿಲ್ಲ, ಹರವಿನಲ್ಲಿದೆ.

ಇದು ಏಕೆಂದು ತಿಳಿಯಲು ಕಣದಲ್ಲಿ ರಾಶಿ ತೂರುವುದನ್ನು ನೆನೆದರೆ ಸಾಕು. ಮೊರದಿಂದ ಜೋಳವನ್ನು ಗಾಳಿಗೆ ಬಿಟ್ಟಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರಿ ಬೀಳುತ್ತದೆ. ಎರಡನ್ನೂ ಒಯ್ಯುವುದು ಒಂದೇ ಗಾಳಿ. ಬೀಳುವ ವೇಗ ಮಾತ್ರ ಬೇರೆ. ಕೊಳದಲ್ಲಿ ಗಾಳಿಯ ಜಾಗದಲ್ಲಿ ನೀರಿನ ಹರಿವಿದೆ. ಮರಳು ಕೊಳದ ಬಾಯಲ್ಲೇ ಕೂರುತ್ತದೆ, ನವುರಾದ ಮಣ್ಣು ಮುಂದೆ ಸಾಗುತ್ತದೆ. ಬೇಕಾದ ಕಣ ತಳ ಮುಟ್ಟುವ ಮೊದಲೇ ಕೊಳ ಮುಗಿದುಹೋದರೆ ಆ ಕಣ ಹಳ್ಳದ ಪಾಲು.

ನೀರಿನಲ್ಲಿ ಕಣ ಎಷ್ಟು ವೇಗದಿಂದ ಇಳಿಯುತ್ತದೆಂಬುದನ್ನು ಲೆಕ್ಕಕ್ಕೆ ತಂದವರು ಬ್ರಿಟನ್ನಿನ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. 1851ರಲ್ಲಿ ಅಚ್ಚಾದ ಅವರ ಸೂತ್ರದ ಪ್ರಕಾರ ಇಳಿಯುವ ವೇಗ ಕಣದ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕಣದ ಗಾತ್ರ ಹತ್ತನೆಯ ಒಂದು ಭಾಗವಾದರೆ ವೇಗ ನೂರನೆಯ ಒಂದು ಭಾಗವಾಗುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಸಣ್ಣ ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದರ ಐದನೆಯ ಒಂದು ಪಾಲಿನ, ಅಂದರೆ 0.02 ಮಿ.ಮೀ. ಗಾತ್ರದ ರೇವೆಯ ಕಣಕ್ಕೆ ಮುಕ್ಕಾಲು ಗಂಟೆ ಬೇಕು. 0.002 ಮಿ.ಮೀ. ಗಾತ್ರದ ಜೇಡಿಯ ಕಣಕ್ಕೆ ಮೂರು ದಿನಕ್ಕೂ ಮೇಲೆ. ಅದೂ ನೀರು ಅಲುಗಾಡದೆ ನಿಂತಿದ್ದರೆ ಮಾತ್ರ.

ಮುಂದಿನ ಹೆಜ್ಜೆಯನ್ನು ಇಟ್ಟವರು ಅಮೆರಿಕದ ಎಂಜಿನಿಯರ್ ಅಲೆನ್ ಹೇಝನ್, 1904ರಲ್ಲಿ. ಕೊಳವನ್ನು ಎರಡು ಪಟ್ಟು ಆಳ ಮಾಡಿದರೆ ನೀರು ಅದರಲ್ಲಿ ಎರಡು ಪಟ್ಟು ಹೊತ್ತು ತಂಗುತ್ತದೆ, ನಿಜ. ಆದರೆ ಕಣ ಇಳಿಯಬೇಕಾದ ದೂರವೂ ಎರಡು ಪಟ್ಟಾಗುತ್ತದೆ. ಲಾಭ ಸೊನ್ನೆ. ಹರವನ್ನು ಎರಡು ಪಟ್ಟು ಮಾಡಿದರೆ ಹೊತ್ತು ಹೆಚ್ಚುತ್ತದೆ, ಇಳಿಯುವ ದೂರ ಹೆಚ್ಚುವುದಿಲ್ಲ. ಹೀಗಾಗಿ ಕೊಳಕ್ಕೆ ಬೇಕಾದ ಮೇಲ್ಮೈ ವಿಸ್ತಾರವೆಂದರೆ, ಸೆಕೆಂಡಿಗೆ ಬರುವ ನೀರಿನ ಪ್ರಮಾಣವನ್ನು ಕಣ ಇಳಿಯುವ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲ ಭಾಗಾಕಾರ ಇದು.

ಒಂದು ಉದಾಹರಣೆ. ಹತ್ತು ಹೆಕ್ಟೇರ್, ಅಂದರೆ ಸುಮಾರು 25 ಎಕರೆಯ ಗಣಿ ಇದೆಯೆನ್ನೋಣ. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿಯಿತು. ಗಿಡಮರಗಳಿಲ್ಲದ ಕಲ್ಲುನೆಲವಾದ್ದರಿಂದ ನೂರಕ್ಕೆ 70 ಪಾಲು ಹರಿದು ಬಂತೆಂದರೆ ಅದು 3,500 ಘನ ಮೀಟರ್, ಅಂದರೆ 35 ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರುಗಳಾದರೆ 700. ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಘನ ಮೀಟರ್. 0.02 ಮಿ.ಮೀ. ಕಣ ಸೆಕೆಂಡಿಗೆ 0.36 ಮಿ.ಮೀ. ಇಳಿಯುತ್ತದೆ. ಭಾಗಿಸಿದರೆ ಬರುವುದು ಸುಮಾರು 2,700 ಚದರ ಮೀಟರ್, ನಮ್ಮ ಕಡೆಯ ಅಳತೆಯಲ್ಲಿ 27 ಗುಂಟೆ. ಗಾಳಿಯ ಅಲೆ, ಸುಳಿ, ಲೆಕ್ಕ ಮೀರಿದ ಮಳೆ ಇವುಗಳಿಗಾಗಿ ಅದರ ಅರ್ಧದಷ್ಟನ್ನು ಸೇರಿಸಿದರೆ 40 ಗುಂಟೆ, ಒಂದು ಎಕರೆ. ಇಪ್ಪತ್ತೈದು ಎಕರೆಯ ಗಣಿಗೆ ಒಂದು ಎಕರೆಯ ಕೊಳ. ಇದೇ ಪ್ರಮಾಣದಲ್ಲಿ ಐದು ಎಕರೆಯ ಸಣ್ಣ ಗಣಿಗೆ ಎಂಟು ಗುಂಟೆ.

ಈ ಎಂಟು ಗುಂಟೆಯೇ ಜಗಳದ ಮೂಲ. ಐದೇ ಎಕರೆಯ ಗುತ್ತಿಗೆ ಇರುವವನಿಗೆ ಕಲ್ಲು ಸಿಗುವ ಜಾಗದಲ್ಲಿ ಎಂಟು ಗುಂಟೆಯನ್ನು ನೀರಿಗೆ ಬಿಡುವುದು ಕೈಯಿಂದ ಹಣ ತೆತ್ತಂತೆ ಅನ್ನಿಸುತ್ತದೆ. ಅವನು ಮೂಲೆಯಲ್ಲಿ ಅರ್ಧ ಗುಂಟೆಯ ಹೊಂಡವನ್ನು ಆಳವಾಗಿ ತೋಡಿ ನಕ್ಷೆಯಲ್ಲಿ ನೀಲಿ ಬಣ್ಣ ಹಚ್ಚುತ್ತಾನೆ. ಸಣ್ಣ ಮಳೆಗೆ ಆ ಹೊಂಡ ಸಾಕೆನ್ನಿಸುತ್ತದೆ. ವರ್ಷದ ರಾಡಿಯಲ್ಲಿ ದೊಡ್ಡ ಪಾಲು ಹೊರಬೀಳುವುದು ಎರಡು ಮೂರು ದೊಡ್ಡ ಮಳೆಗಳಲ್ಲಿ. ಆ ದಿನ ಅರ್ಧ ಗುಂಟೆಯ ಹೊಂಡ ಹತ್ತು ನಿಮಿಷದೊಳಗೆ ತುಂಬಿ, ಹಿಂದಿನ ವರ್ಷ ಕೂತ ಹೂಳನ್ನೂ ಕೆದಕಿಕೊಂಡು ಉಕ್ಕಿ ಹರಿಯುತ್ತದೆ. ಪಕ್ಕಪಕ್ಕದಲ್ಲಿ ಸಣ್ಣ ಗಣಿಗಳು ಗುಂಪಾಗಿರುವ ಕಡೆ ಪ್ರತಿಯೊಬ್ಬರಿಗೂ ಒಂದೊಂದು ಹೊಂಡ ಎನ್ನುವುದಕ್ಕಿಂತ, ಎಲ್ಲರ ನೀರೂ ಇಳಿದು ಬರುವ ತಗ್ಗಿನಲ್ಲಿ ಪಾಲುಗಾರಿಕೆಯ ಒಂದು ದೊಡ್ಡ ಕೊಳ ಕಟ್ಟುವುದೇ ಜಾಣತನ.

ಹಳೆಯ ಗಣಿಯ ಗುಂಡಿಗೇ ನೀರು ಬಿಟ್ಟರಾಗದೆ ಎಂದು ಕೇಳುವವರಿದ್ದಾರೆ. ಗುಂಡಿ ಬರಿದಾಗಿದ್ದು, ಇಡೀ ಮಳೆಯ ನೀರನ್ನು ನುಂಗುವಷ್ಟು ದೊಡ್ಡದಾಗಿದ್ದರೆ ಖಂಡಿತ ಆದೀತು; ಹೊರಗೆ ಹರಿಯದ ನೀರು ಯಾರ ಹೊಲವನ್ನೂ ಕೆಡಿಸದು. ಆದರೆ ಆಷಾಢ ಕಳೆಯುವ ಹೊತ್ತಿಗೆ ಅಂಥ ಗುಂಡಿಗಳು ತುಂಬಿರುತ್ತವೆ. ತುಂಬಿದ ಗುಂಡಿಯ ಮೇಲೆ ಹೊಸ ನೀರು ಜಾರಿಕೊಂಡೇ ಆಚೆ ಬೀಳುತ್ತದೆ. ಕೆಳಗೆ ಎಷ್ಟು ಮಾರು ಆಳವಿದ್ದರೂ ಆಗ ಅದು ನೆರವಿಗೆ ಬಾರದು.

ಕೊಳದ ಆಕಾರವೂ ಮುಖ್ಯ. ನೀರು ಬರುವ ಬಾಯಿ ಮತ್ತು ಹೋಗುವ ಬಾಯಿ ಎದುರುಬದುರು ತುದಿಗಳಲ್ಲಿರಬೇಕು. ಉದ್ದ ಅಗಲದ ಮೂರು ಪಟ್ಟಾದರೂ ಇರಬೇಕು. ಚೌಕದ ಕೊಳದಲ್ಲಿ ನೀರು ನೇರವಾಗಿ ಒಂದು ಬಾಯಿಂದ ಇನ್ನೊಂದಕ್ಕೆ ಓಡಿ, ಮೂಲೆಗಳ ನೀರು ಸುಮ್ಮನೆ ನಿಂತಿರುತ್ತದೆ. ಮೊದಲಲ್ಲಿ ಒಂದು ಚಿಕ್ಕ ತೊಟ್ಟಿಯಿದ್ದರೆ ಮರಳು, ಕಲ್ಲುಚೂರು ಅಲ್ಲಿಯೇ ಕೂತು, ತೆಗೆಯುವುದು ಸುಲಭವಾಗುತ್ತದೆ. ಹೊರಬಾಯಿ ಕಿರಿದಾದ ಕೊಳವೆಯಾಗಿರದೆ ಅಗಲವಾದ ಕಲ್ಲಿನ ಕಟ್ಟೆಯಾಗಿದ್ದರೆ ತಿಳಿನೀರು ತೆಳ್ಳಗೆ ಹಾಸಿಕೊಂಡು ಹೊರಳುತ್ತದೆ. ಇದಲ್ಲದೆ, ಮಹಾಮಳೆಗೆಂದೇ ಬೇರೊಂದು ಕೋಡಿ ಇರಲೇಬೇಕು. ಇಲ್ಲವಾದರೆ ನೀರು ಮಣ್ಣಿನ ಏರಿಯನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ಕೆರೆ ಕಟ್ಟಿ ಬಲ್ಲ ನಾಡಿಗೆ ಏರಿ, ತೂಬು, ಕೋಡಿಗಳ ಪಾಠ ಹೊಸದೇನಲ್ಲ.

ಎಲ್ಲಕ್ಕಿಂತ ಅಗ್ಗದ ಕೆಲಸವನ್ನು ಮಾತ್ರ ಜನ ಮರೆಯುತ್ತಾರೆ: ಗಣಿಯ ಹೊರಗಿನ ತಿಳಿನೀರು ಒಳಗೆ ಬಾರದಂತೆ ತಡೆಯುವುದು. ಗಣಿಯ ಮೇಲ್ಗಡೆಯ ಹೊಲಗಳ ನೀರನ್ನು ಗುಂಡಿಯ ಅಂಚಿನ ಸುತ್ತ ಹಾರದಂತೆ ತೋಡಿದ ಕಾಲುವೆಯಲ್ಲಿ ಬದಿಗೆ ತಿರುಗಿಸಿದರೆ ಕೊಳಕ್ಕೆ ಬರುವ ನೀರು ಕಡಿಮೆಯಾಗುತ್ತದೆ, ಕೊಳವೂ ಚಿಕ್ಕದಾಗುತ್ತದೆ. ಕಲ್ಲು, ಮಣ್ಣಿನ ಗುಡ್ಡೆಗಳ ಬುಡದಲ್ಲಿ ಒಣಕಲ್ಲಿನ ಗೋಡೆ ಕಟ್ಟಿದರೆ ಮಣ್ಣು ಅಲ್ಲಿಯೇ ನಿಲ್ಲುತ್ತದೆ. ತಾಂಡೂರಿನಲ್ಲಿ ಒಡೆದ ಫರಸಿಗೆ ಬರವೇ?

ಇನ್ನು ಕೂರಲು ಒಪ್ಪದ ಜೇಡಿಯ ಮಾತು. ಮೇಲಿನ ಲೆಕ್ಕವನ್ನೇ 0.002 ಮಿ.ಮೀ. ಕಣಕ್ಕೆ ಮಾಡಿದರೆ 27 ಹೆಕ್ಟೇರಿನ ಕೊಳ ಬೇಕಾಗುತ್ತದೆ; ಗಣಿಗಿಂತ ಕೊಳವೇ ಎರಡೂವರೆ ಪಟ್ಟಿಗೂ ಹೆಚ್ಚು ದೊಡ್ಡದು. ಇದು ಆಗದ ಮಾತು. ಇಂಥ ಕಣಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದು ಮಾಡಿ ಕೆಡವಬೇಕು. ಅದಕ್ಕೆ ಪಟಿಕ ಬಳಸುತ್ತಾರೆ. ಹಿಂದಿನವರು ಕುಡಿಯುವ ನೀರಿನ ಕೊಡದ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದುದು ಇದೇ ಕಾರಣಕ್ಕೆ.

ಶಾಲೆಯ ಮಕ್ಕಳು ಇದನ್ನು ಮನೆಯಲ್ಲಿಯೇ ನೋಡಬಹುದು. ನಾಲ್ಕು ಗಾಜಿನ ಸೀಸೆಗಳಲ್ಲಿ ಒಂದೊಂದು ಚಮಚ ಮಣ್ಣು: ಒಂದರಲ್ಲಿ ಜಹೀರಾಬಾದಿನ ಕೆಮ್ಮಣ್ಣು, ಒಂದರಲ್ಲಿ ಎರೆಮಣ್ಣು, ಒಂದರಲ್ಲಿ ಫರಸಿ ಕೊಯ್ದ ಪುಡಿ. ಈ ಮೂರಕ್ಕೂ ಮಳೆನೀರು. ನಾಲ್ಕನೆಯದರಲ್ಲಿ ಮತ್ತೆ ಎರೆಮಣ್ಣು, ಆದರೆ ಬೋರಿನ ಗಡುಸು ನೀರು. ಎಲ್ಲವನ್ನೂ ಚೆನ್ನಾಗಿ ಅಲುಗಿಸಿ ಒಂದೇ ಹೊತ್ತಿಗೆ ಇಟ್ಟು, ಗಂಟೆಗೊಮ್ಮೆ ಗುರುತು ಹಾಕಬೇಕು. ಮಳೆನೀರಿನ ಎರೆಮಣ್ಣು ಸಾಮಾನ್ಯವಾಗಿ ಮರುದಿನವೂ ಕದಡಿಯೇ ಇರುತ್ತದೆ. ಗಡುಸು ನೀರಿನದು ಬೇಗ ತಿಳಿಯಾಗುತ್ತದೆ. ನೀರಿನಲ್ಲಿ ಕರಗಿದ ಸುಣ್ಣದ ಅಂಶ ಜೇಡಿಯ ಕಣಗಳನ್ನು ಹತ್ತಿರ ಎಳೆಯುವುದೇ ಇದರ ಗುಟ್ಟು. ಕೊಳದ ವಿನ್ಯಾಸ ಮಾಡುವ ಎಂಜಿನಿಯರು ಕೂಡ ಮೊದಲು ಮಾಡಬೇಕಾದುದು ಇಂಥದೇ ಪರೀಕ್ಷೆ. ಆ ಗಣಿಯ ಮಣ್ಣು ಎಷ್ಟು ಹೊತ್ತಿಗೆ ಕೂರುತ್ತದೆಂದು ನೋಡದೆ ಬೇರೆ ಊರಿನ ನಕ್ಷೆಯನ್ನು ತಂದು ಅಂಟಿಸಿದರೆ ಫಲವಿಲ್ಲ.

ಫರಸಿಯ ಪುಡಿಯ ಕೇಡು ಹೊಲದಲ್ಲಿ ತಿಳಿಯುತ್ತದೆ. ನುಣುಪು ಮಾಡುವ ಯಂತ್ರಗಳಿಂದ ಬರುವ ಬಿಳಿ ರಾಡಿ ಒಣಗಿದಾಗ ಹೊಲದ ಮೇಲೆ ಹೆಪ್ಪಿನಂತೆ ಕೂತು, ಮಳೆನೀರು ಇಂಗುವುದನ್ನು ತಡೆಯುತ್ತದೆ. ತಾಂಡೂರಿನ ತೊಗರಿಗೆ 2022ರ ಡಿಸೆಂಬರಿನಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆ ತೊಗರಿಯ ರುಚಿಗೆ ಕಾರಣವೆಂದು ಹೇಳುವುದು ಇಲ್ಲಿನ ಆಳವಾದ ಎರೆನೆಲವನ್ನು, ಅದರ ಕೆಳಗಿರುವ ಸುಣ್ಣಕಲ್ಲನ್ನು. ಒಂದೇ ಕಲ್ಲು ನೆಲದೊಳಗಿದ್ದಾಗ ಬೆಳೆಗೆ ಕೀರ್ತಿ ತರುತ್ತದೆ, ಪುಡಿಯಾಗಿ ಮೇಲೆ ಬಿದ್ದಾಗ ಅದೇ ಬೆಳೆಯ ಉಸಿರು ಕಟ್ಟಿಸುತ್ತದೆ. ಯಂತ್ರದ ರಾಡಿಗೆ ಮಳೆಯ ಕೊಳ ಸಲ್ಲದು. ಅದಕ್ಕೆ ಬೇರೆ ತೊಟ್ಟಿಗಳಿರಬೇಕು, ತಿಳಿಯಾದ ನೀರನ್ನು ಮತ್ತೆ ಯಂತ್ರಕ್ಕೇ ಹಾಯಿಸಬೇಕು. ಬೇಸಿಗೆಯಲ್ಲಿ ನೀರಿನ ಖರ್ಚೂ ಉಳಿದೀತು.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಗಣಿಗಳಿಗೆ ಪರಿಸರ ಅನುಮತಿ ಕೊಡುವಾಗ ಕೇಂದ್ರ ಪರಿಸರ ಸಚಿವಾಲಯ ಸಾಮಾನ್ಯವಾಗಿ ವಿಧಿಸುತ್ತ ಬಂದಿರುವ ಷರತ್ತುಗಳಲ್ಲಿ ಸುತ್ತುಗಾಲುವೆ ಮತ್ತು ಹೂಳುಕೊಳಗಳ ಅಳತೆ ಸ್ಪಷ್ಟವಾಗಿದೆ: 50 ವರ್ಷಗಳ ಮಳೆಯ ದಾಖಲೆಯನ್ನು ಆಧರಿಸಿದ ಅತಿ ಹೆಚ್ಚಿನ ಹಠಾತ್ ಮಳೆಗೆ, ಅದರ ಮೇಲೆ ಶೇಕಡಾ 50ರಷ್ಟು ಹೆಚ್ಚುವರಿ. ಕಾಲುವೆಯ ಮೂಲೆಗಳಲ್ಲಿ ಹೂಳುಗುಂಡಿ, ಅವುಗಳಿಂದ ಕಾಲಕಾಲಕ್ಕೆ ಹೂಳು ತೆಗೆಯುವುದು ಕೂಡ ಷರತ್ತಿನ ಭಾಗ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳ ಹೊಳೆಗಳಿಗೆ ಬಿಡುವ ನೀರಿನಲ್ಲಿ ತೇಲುವ ಕಣಗಳು ಲೀಟರಿಗೆ 100 ಮಿಲಿಗ್ರಾಂ ಮೀರಬಾರದು. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದು ಹೇಳಿದೆ. ಕೊರತೆಯಿರುವುದು ಬರವಣಿಗೆಯಲ್ಲಲ್ಲ, ಮಳೆಗಾಲದ ನಡುವೆ ಸೀಸೆ ಹಿಡಿದು ಹಳ್ಳದ ದಂಡೆಗೆ ಹೋಗುವವರಲ್ಲಿ.

ಕೊಳಗಳನ್ನು ಉದಾಸೀನ ಮಾಡಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ ಸಂಡೂರು ಸಾಕ್ಷಿ. ಅಲ್ಲಿನ ಕಬ್ಬಿಣದ ಅದಿರಿನ ಗುಡ್ಡಗಳಿಂದ ಮಳೆಗಾಲದಲ್ಲಿ ಕೆಂಪು ಮಣ್ಣು ಹಳ್ಳಗಳಿಗೆ, ಹೊಲಗಳಿಗೆ ಇಳಿಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮರಳಿ ಆರಂಭಿಸಲು ಹಾಕಿದ ಷರತ್ತುಗಳಲ್ಲಿ ಒಂದು, ಪ್ರತಿಯೊಂದು ಗಣಿಗೂ ಪುನಶ್ಚೇತನ ಯೋಜನೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಗಣಿಗಣಿಗೆ ಹೋಗಿ ಎಲ್ಲಿ ತಡೆಗೋಡೆ, ಎಲ್ಲಿ ಚೆಕ್ ಡ್ಯಾಂ, ಎಲ್ಲಿ ಹೂಳುಕೊಳ ಎಂದು ಗುರುತಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ನ್ಯಾಯಾಲಯ ಆ ಯೋಜನೆಗಳಿಗೆ ಬಲ ಕೊಟ್ಟಿತು. ಮೊದಲೇ ಮಾಡಬೇಕಿದ್ದ ಕೆಲಸವನ್ನು ಹೀಗೆ ನ್ಯಾಯಾಲಯದ ಆಜ್ಞೆಯಿಂದ ಮಾಡಿಸಬೇಕಾಯಿತು. ಕೆಳಗಿನ ತುಂಗಭದ್ರಾ ಜಲಾಶಯದಲ್ಲಿ ಆರಂಭದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳಿನಿಂದಾಗಿ ಈಗ 106 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಈ ನಷ್ಟದ ಹೊಣೆಯನ್ನೆಲ್ಲ ಗಣಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ, ಜಲಾನಯನದ ಹೊಲ ಕಾಡುಗಳ ಮಣ್ಣೂ ಅದರಲ್ಲಿದೆ. ಆದರೂ ಗಣಿಯ ಪಾಲನ್ನು ಗಣಿಯಲ್ಲಿಯೇ ತಡೆಯಬಹುದಿತ್ತು.

ಹೂಳುಕೊಳವನ್ನು ಕುದುರೆಮುಖದ ಲಖ್ಯಾ ಅಣೆಕಟ್ಟಿನಂಥ ರಚನೆಗಳೊಂದಿಗೆ ಬೆರೆಸಬಾರದು. ಅದು ಅದಿರನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯನ್ನು ಶಾಶ್ವತವಾಗಿ ಹಿಡಿದಿಡಲು ಕಟ್ಟಿದ್ದು. ಹೂಳುಕೊಳ ಪ್ರತಿವರ್ಷ ತುಂಬಿ, ಪ್ರತಿವರ್ಷ ಬರಿದಾಗಬೇಕಾದದ್ದು.

ಲೆಕ್ಕಕ್ಕೆ ಯಾವ ಮಳೆಯನ್ನು ಹಿಡಿಯಬೇಕೆಂಬ ಪ್ರಶ್ನೆ ಉಳಿದಿದೆ. 2020ರ ಅಕ್ಟೋಬರಿನ ಮಧ್ಯಭಾಗದಲ್ಲಿ ಬಂಗಾಳಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಕಾಕಿನಾಡದ ಬಳಿ ದಡ ಹತ್ತಿ, ತೆಲಂಗಾಣವನ್ನು ದಾಟಿ ಕಲಬುರಗಿಯ ಕಡೆಗೆ ಸಾಗಿತು. ಹೈದರಾಬಾದ್ ಮುಳುಗಿತು, ಕಾಗಿಣಾ ಮತ್ತು ಭೀಮೆ ದಂಡೆ ಮೀರಿದವು. ಅದು ಮುಂಗಾರು ಮುಗಿಯುವ ಹೊತ್ತು. ಆ ವರ್ಷ ಹೂಳುಕೊಳಗಳು ಇದ್ದ ಕಡೆಯೂ ನಾಲ್ಕು ತಿಂಗಳ ರೇವೆ ತುಂಬಿಕೊಂಡು ಬಸವಳಿದಿರಬೇಕಾದ ಕಾಲ. ಆದ್ದರಿಂದಲೇ ಕೊಳದಲ್ಲಿ ಹೂಳಿಗೆಂದೇ ಒಂದಿಷ್ಟು ಆಳವನ್ನು ಬಿಡುವುದು. ಆಳ ಬೇಕಾಗುವುದು ಇಲ್ಲಿ, ಕಣವನ್ನು ಕೆಡವಲು ಅಲ್ಲ, ಬಿದ್ದ ಕಣವನ್ನು ಇಟ್ಟುಕೊಳ್ಳಲು. ಆ ಪಾಲು ಅರ್ಧ ತುಂಬಿದೊಡನೆ, ಮಳೆಗಾಲದ ನಡುವೆಯಾದರೂ, ಹೂಳೆತ್ತಬೇಕು. ಕೊಳದೊಳಗೆ ಗುರುತು ಹಾಕಿದ ಒಂದು ಕಲ್ಲುಕಂಬ ನೆಟ್ಟರೆ ಎಷ್ಟು ತುಂಬಿದೆಯೆಂದು ದಂಡೆಯಿಂದಲೇ ಕಾಣುತ್ತದೆ.

ಮಕ್ಕಳಿರುವ ಮನೆಗಳು ತಿಳಿದಿರಬೇಕಾದ ಸಂಗತಿಯೊಂದಿದೆ. ಹೂಳು ತುಂಬಿದ ಕೊಳದ ಮೇಲ್ಪದರ ಬಿಸಿಲಿಗೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದಂತೆ ಕಾಣುತ್ತದೆ. ಅದರ ಕೆಳಗೆ ಸೊಂಟದ ಮಟ್ಟದವರೆಗೂ ಹಸಿ ರಾಡಿ ಇರಬಹುದು. ಚೆಂಡು ಹುಡುಕಲು, ಮೇಕೆಯನ್ನು ಹೊರಗಟ್ಟಲು ಇಳಿದ ಮಗುವಿನ ಕಾಲು ಹೂತುಹೋದರೆ ಎಳೆದಷ್ಟೂ ಒಳಗೆ ಇಳಿಯುತ್ತದೆ. ನೀರು ತುಂಬಿದ ಹಳೆಯ ಗಣಿಗುಂಡಿಗಳಲ್ಲಿ ಈಜಲು ಹೋಗಿ ಆಗುವ ಸಾವುಗಳು ಎಲ್ಲರಿಗೂ ಗೊತ್ತು. ಅಲ್ಲಿ ದಂಡೆ ಗೋಡೆಯಂತೆ ನೆಟ್ಟಗಿರುವುದರಿಂದ ಹತ್ತಲು ಹಿಡಿತ ಸಿಗದು. ಕೊಳದ ಸುತ್ತ ಬೇಲಿ, ಒಂದು ಬದಿಯಾದರೂ ಇಳಿಜಾರಾದ ದಂಡೆ, ಕಂಬಕ್ಕೆ ಕಟ್ಟಿದ ಹಗ್ಗ, ತೆಲುಗು ಕನ್ನಡ ಎರಡರಲ್ಲೂ ಬರೆದ ಫಲಕ, ಇವು ವಿನ್ಯಾಸದ ಭಾಗವೇ ಹೊರತು ಅಲಂಕಾರವಲ್ಲ. ಗಣಿಗೆ ಹತ್ತಿರದ ಶಾಲೆಗಳು ಜೂನಿನಲ್ಲಿ ಬಾಗಿಲು ತೆರೆದ ವಾರವೇ ಈ ಮಾತನ್ನು ತರಗತಿಯಲ್ಲಿ ಹೇಳುವುದು ಒಳಿತು.

ಕೊನೆಗೆ ಎತ್ತಿದ ಹೂಳಿನ ಗತಿ. ಬಹಳ ಸಲ ಯಂತ್ರದವನು ಅದನ್ನು ಕೊಳದ ಏರಿಯ ಮೇಲೆಯೇ ಸುರಿದು ಹೋಗುತ್ತಾನೆ, ಮುಂದಿನ ಮಳೆಗೆ ಅದು ಮತ್ತೆ ಕೊಳಕ್ಕೇ ಇಳಿಯುತ್ತದೆ. ಅದನ್ನು ಒಣಗಿಸಿ, ಕೆಲಸ ಮುಗಿದ ಗುಂಡಿಯ ತಳಕ್ಕೆ ಒಯ್ದು ಹಾಕಬೇಕು, ಮೇಲೆ ಎರೆಮಣ್ಣು ಹೊದಿಸಬೇಕು. ಗಣಿ ತೆರೆಯುವ ಮೊದಲು ಹೊಲದ ಮೇಲ್ಮಣ್ಣನ್ನು ಬೇರೆಯಾಗಿ ಕೂಡಿಟ್ಟಿದ್ದರೆ ಮಾತ್ರ ಹೊದಿಸಲು ಆ ಮಣ್ಣು ಸಿಕ್ಕೀತು. ಈ ಕೆಲಸಕ್ಕೆ ಸರಿಯಾದ ಕಾಲ ಚೈತ್ರ ವೈಶಾಖ. ಕೊಳ ಬತ್ತಿರುತ್ತದೆ, ಟ್ರ್ಯಾಕ್ಟರುಗಳು ಬಿಡುವಾಗಿರುತ್ತವೆ, ರೋಹಿಣಿ ಮಳೆಗೆ ಇನ್ನೂ ಕೆಲವು ವಾರ ಬಾಕಿಯಿರುತ್ತವೆ.